ಹದ್ದು ಮೀರಿದ ಹದ್ದುಗಳಿಗೆ

ಯಲಹಂಕ ವಾಯುನೆಲೆಯ ಆಸುಪಾಸಿನಲ್ಲಿ ಬೀಡುಬಿಟ್ಟಿರುವ ಸಮಸ್ತ ಹದ್ದು ಬಾಂಧವರೇ,

2025ರ ಜನವರಿ 23ರಿಂದ ಫೆಬ್ರುವರಿ 17ರವರೆಗೆ ತಮಗಾಗಿಯೇ ಒಂದು ಆದೇಶ ಜಾರಿಯಲ್ಲಿದ್ದದ್ದು ತಮ್ಮ ಗಮನಕ್ಕೆ ಬಂದಿರಲಾರದು. ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ನಿಮಿತ್ತ ವಾಯುನೆಲೆಯಿಂದ 13 ಕಿ.ಮೀ. ವ್ಯಾಪ್ತಿಯಲ್ಲಿ ಮಾಂಸದಂಗಡಿಗಳು ಬಾಗಿಲು ಹಾಕಬೇಕು, ಹೋಟೆಲುಗಳು ಮಾಂಸದಡುಗೆ ಬಡಿಸಕೂಡದು ಎಂದು ಅಂದಿನ ಬೆಂಗಳೂರು ಪಾಲಿಕೆ ಬಿಬಿಎಂಪಿ ಅಪ್ಪಣೆ ಮಾಡಿತ್ತು. 2023ರಲ್ಲಿ ಈ ಗೆರೆ 10 ಕಿ.ಮೀ.ಗೇ ನಿಂತಿತ್ತು. ಎರಡು ವರ್ಷದಲ್ಲಿ ತಮ್ಮ ಹಸಿವು ಮೂರು ಕಿ.ಮೀ. ಹಿಗ್ಗಿತೆಂದು ಭಾವಿಸಬೇಕು. ಅಷ್ಟು ದೂರವನ್ನು ತಾವು ರೆಕ್ಕೆ ಬಡಿಯುವ ಗೋಜಿಗೂ ಹೋಗದೆ ತೇಲಿಕೊಂಡೇ ದಾಟುತ್ತೀರಿ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ತಮ್ಮಿಂದ ಅಪಾಯವೇ ಇಲ್ಲವೆಂದು ವಾದಿಸಲು ಈ ಪತ್ರ ಬರೆಯುತ್ತಿಲ್ಲ. ಮುಕ್ಕಾಲು ಕೆ.ಜಿ. ತೂಗುವ ಹಕ್ಕಿಯೊಂದು ಎದುರಾದಾಗ ಪೆಟ್ಟಿನ ಬಲ ವಿಮಾನದ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಪೆಟ್ಟು ನಾಲ್ಕು ಪಟ್ಟು. 1960ರಲ್ಲಿ ಬಾಸ್ಟನ್‌ನಲ್ಲಿ ಹಿಡಿಯಷ್ಟಿರುವ ಸ್ಟಾರ್ಲಿಂಗ್ ಹಕ್ಕಿಗಳ ಹಿಂಡು ಎಂಜಿನುಗಳಿಗೆ ನುಗ್ಗಿ 62 ಜನ ಸತ್ತರು. 2009ರಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ವಿಮಾನ ಇಳಿಯಬೇಕಾಗಿ ಬಂದದ್ದು ಕೆನಡಾ ಹೆಬ್ಬಾತುಗಳಿಂದ. ಅದರಲ್ಲಿದ್ದ 155 ಮಂದಿಯೂ ಬದುಕಿದ್ದು ಪುಣ್ಯ. ಯುದ್ಧವಿಮಾನಗಳು ನೆಲಕ್ಕೆ ಹತ್ತಿರದಲ್ಲಿ ಲಾಗ ಹಾಕುವ ಪ್ರದರ್ಶನದಲ್ಲಿ ಹಕ್ಕಿಯ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ಕೊಟ್ಟ ಮದ್ದು ಮಾತ್ರ ವಿಚಿತ್ರ. ಬಿರಿಯಾನಿ ತಟ್ಟೆಯಲ್ಲಿರುವಾಗ ತಾವು ಎಂದಾದರೂ ಹೋಟೆಲಿನೊಳಗೆ ಬಂದು ಎಲೆ ಮುಂದೆ ಕೂತದ್ದುಂಟೆ? ತಾವು ಇಳಿಯುವುದು ಹಿತ್ತಿಲಿಗೆ, ಚೀಲ ಬಿಚ್ಚಿ ಸುರಿದ ಕರುಳು, ಪುಕ್ಕ, ಚರ್ಮದ ರಾಶಿಗೆ. ಇನ್ನು ಕೋಳಿಯಂತೂ ತೀರಾ ನಿರಪರಾಧಿ. ಅದು ವಿಮಾನದ ಎಂಜಿನಿಗೆ ಬಡಿಯುವುದು, ಸತ್ತ ಮೇಲೆ ಎಂಜಿನಿಯರುಗಳು ಗಟ್ಟಿತನ ಪರೀಕ್ಷಿಸಲು ಫಿರಂಗಿಯಲ್ಲಿಟ್ಟು ಹಾರಿಸಿದಾಗ ಮಾತ್ರ.

ತಟ್ಟೆಗೂ ತಿಪ್ಪೆಗೂ ಇರುವ ಈ ವ್ಯತ್ಯಾಸ ಕಾನೂನಿಗೆ ಗೊತ್ತಿತ್ತು. 1937ರ ವಿಮಾನ ನಿಯಮಗಳ 91ನೇ ನಿಯಮವು ನಿಲ್ದಾಣದಿಂದ 10 ಕಿ.ಮೀ. ಒಳಗೆ ಪ್ರಾಣಿ ಕಡಿಯಬಾರದು, ಚರ್ಮ ಸುಲಿಯಬಾರದು, ಹಕ್ಕಿಗಳನ್ನು ಸೆಳೆಯುವ ಕಸ ಎಸೆಯಬಾರದು ಎನ್ನುತ್ತದೆ. ಜೊತೆಗೆ, ತ್ಯಾಜ್ಯ ವಿಲೇವಾರಿಗೆ ಸರಿಯಾದ ಏರ್ಪಾಡು ಮಾಡಿಕೊಂಡ ಹೋಟೆಲು, ಮಾಂಸದಂಗಡಿ, ಮೀನಂಗಡಿಯವರಿಗೆ ಕೇಂದ್ರ ಸರ್ಕಾರ ಲಿಖಿತ ಅನುಮತಿ ಕೊಡಬಹುದು ಎಂದೂ ಸೇರಿಸುತ್ತದೆ. ಅಂದರೆ ನಿಯಮದ ಕಣ್ಣು ಇರುವುದು ಎಸೆಯುವವನ ಕೈ ಮೇಲೆ, ಉಣ್ಣುವವನ ಬಾಯಿ ಮೇಲಲ್ಲ. ಅದಕ್ಕೆ ಪ್ರದರ್ಶನದ ತಾರೀಖೂ ಇಲ್ಲ. ವರ್ಷದ 365 ದಿನವೂ ಜಾರಿಯಲ್ಲಿರಬೇಕಾದದ್ದು. ಯಲಹಂಕ ನೆಲೆಯಿಂದ ಅದೇ 10 ಕಿ.ಮೀ. ಒಳಗಿನ ಮಾವಳ್ಳಿಪುರ ಗ್ರಾಮದಲ್ಲಿ 2012ರವರೆಗೆ ಬೆಂಗಳೂರಿನ ಕಸವನ್ನು ಲಾರಿಗಟ್ಟಲೆ ಸುರಿದವರು ಕುರಿ ಕಡಿಯುವವರಾಗಿರಲಿಲ್ಲ. ನಗರ ತಾನೇ ನಿಂತು ತಮಗೆ ಹಾಕಿಸಿದ ಪಂಕ್ತಿ ಅದು. ಅದು ನಿಂತದ್ದೂ ವಿಮಾನಗಳ ಮೇಲಿನ ಕಾಳಜಿಯಿಂದಲ್ಲ, ಉಸಿರುಗಟ್ಟಿದ ಹಳ್ಳಿಗರು ತಿರುಗಿಬಿದ್ದದ್ದರಿಂದ.

ಇಪ್ಪತ್ತಾರು ದಿನವಾದರೂ ಅಂಗಡಿ ಮುಚ್ಚಿದರೆ ಅಪಾಯ ಅಷ್ಟು ಕಡಿಮೆಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸ್ವಲ್ಪ ಆಗಬಹುದು, ಒಪ್ಪೋಣ. ಆದರೆ ವರ್ಷವಿಡೀ ಬೀದಿಕಸದಲ್ಲಿ ಬೆಳೆದ ಹಕ್ಕಿಗಳ ಸಂಖ್ಯೆ ಇಷ್ಟು ದಿನದ ಉಪವಾಸಕ್ಕೆ ಕರಗುವುದಿಲ್ಲ. ಹಸಿದ ಹದ್ದು ಸುಮ್ಮನೆ ಗೂಡಿನಲ್ಲಿ ಕೂರುವುದೂ ಇಲ್ಲ, ಇನ್ನಷ್ಟು ಹಾರಿ ಹುಡುಕುತ್ತದೆ. ಕಸದ ವ್ಯವಸ್ಥೆ ಸರಿಪಡಿಸಲು ಪುರುಸೊತ್ತಿರಲಿಲ್ಲ ಎಂಬುದು ಇನ್ನೊಂದು ಸಮಜಾಯಿಷಿ. ಏರೋ ಇಂಡಿಯಾ ಶುರುವಾದದ್ದು 1996ರಲ್ಲಿ, ಬರುವುದು ಎರಡು ವರ್ಷಕ್ಕೊಮ್ಮೆ. ಮುಹೂರ್ತ ಇಷ್ಟು ಮೊದಲೇ ತಿಳಿದಿರುವ ಮದುವೆಗೂ ಚಪ್ಪರ ಹಾಕಲು ಸಮಯ ಸಾಲಲಿಲ್ಲ ಎಂದರೆ ಬೀಗರು ನಂಬುತ್ತಾರೆಯೇ? ಗುಂಡು ಹೊಡೆದು ಓಡಿಸಿ ಎನ್ನುವವರಿಗೂ ಉತ್ತರವಿದೆ. ಗ್ಯಾಸ್ ಫಿರಂಗಿಯ ಸದ್ದಿಗೆ ಹಕ್ಕಿಗಳು ಬೇಗ ಒಗ್ಗಿಕೊಳ್ಳುತ್ತವೆ. ಕೊಂದರೂ ಊಟ ಅಲ್ಲೇ ಇರುವ ತನಕ ಖಾಲಿಯಾದ ಜಾಗಕ್ಕೆ ಬೇರೆ ಹಕ್ಕಿ ಬರುತ್ತದೆ. ವನ್ಯಜೀವಿ ಕಾಯ್ದೆಯ ರಕ್ಷಣೆ ಬೇರೆ ತಮಗಿದೆ.

ಇಷ್ಟಕ್ಕೂ ಆಪಾದನೆಯೆಲ್ಲ ತಮ್ಮ ತಲೆಗೇ ಏಕೆ? ರನ್‌ವೇ ಪಕ್ಕದ ಹುಲ್ಲಿನಲ್ಲಿ ಮೊಟ್ಟೆಯಿಡುವ ಟಿಟ್ಟಿಭ ಹಕ್ಕಿ, ಕೋಳಿ ಸಾರಿನ ವಾಸನೆ ಹಿಡಿದು ಬಂದದ್ದಲ್ಲ, ಹುಳುಹುಪ್ಪಟೆಗಾಗಿ ಬಂದದ್ದು. ಅದನ್ನು ದೂರವಿಡಲು ಹುಲ್ಲಿನ ಎತ್ತರ ನೋಡಿಕೊಳ್ಳಬೇಕು, ಮಳೆನೀರು ನಿಲ್ಲದಂತೆ ಮಾಡಬೇಕು, ಚರಂಡಿ ಮುಚ್ಚಬೇಕು, ಯಾವ ಹಕ್ಕಿ ಯಾವ ಋತುವಿನಲ್ಲಿ ಎಷ್ಟು ಎತ್ತರದಲ್ಲಿ ಹಾರುತ್ತದೆಂದು ದಿನಾ ಬರೆದಿಡಬೇಕು. ಇದು ಬೇಸರದ ಕೆಲಸ, ಫೋಟೊಗೆ ಒದಗುವಂಥದ್ದಲ್ಲ. ಶಟರ್ ಎಳೆಸುವುದಾದರೆ ಒಂದು ಸಹಿ ಸಾಕು. ಅದರ ಖರ್ಚು ದಿನದ ವ್ಯಾಪಾರ ನಂಬಿದ ಅಂಗಡಿಯವನದು.

ಈಗ ಬಿಬಿಎಂಪಿಯೂ ಇಲ್ಲ. ಅದರ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ಪಾಲಿಕೆಗಳೂ ಬಂದಿವೆ. ಆದ್ದರಿಂದ ಮುಂದಿನ ಪ್ರದರ್ಶನಕ್ಕೆ ಮುನ್ನ ತಾವು ದಯವಿಟ್ಟು ಯಾವ ಪಾಲಿಕೆಯ ತಿಪ್ಪೆಯಲ್ಲಿ ಉಂಡು ಯಾವ ಪಾಲಿಕೆಯ ಆಕಾಶದಲ್ಲಿ ಹಾರುತ್ತೀರಿ ಎಂಬುದನ್ನು ಅರ್ಜಿಯಲ್ಲಿ ನಮೂದಿಸಿ, ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.

ಇಂತಿ,
ತಮ್ಮದೇ ವ್ಯಾಪ್ತಿಗೆ ಸೇರಿದ ಒಬ್ಬ ತೆರಿಗೆದಾರ