ಹುಕ್ಕಾಬರ್ದಾರ ಮಾವ

1779ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ದಂಪತಿ ಕಲ್ಕತ್ತೆಯ ಗಣ್ಯರನ್ನು ಸಂಗೀತಕ್ಕೂ ರಾತ್ರಿಯೂಟಕ್ಕೂ ಕರೆದರು. ಆಮಂತ್ರಣದಲ್ಲೊಂದು ಷರತ್ತಿತ್ತು: ಆಳುಗಳನ್ನು ಕರೆತರಬೇಡಿ, ಹುಕ್ಕಾಬರ್ದಾರನೊಬ್ಬ ಬಂದರೆ ಅಡ್ಡಿಯಿಲ್ಲ. ಅಡುಗೆಯವನು, ಕೊಡೆ ಹಿಡಿಯುವವನು, ಬೀಸಣಿಗೆ ಬೀಸುವವನು ಯಾರಿಗೂ ಇಲ್ಲದ ಪ್ರವೇಶ ಇವನೊಬ್ಬನಿಗೆ. ಚಿಲುಮೆಗೆ ಎಷ್ಟು ತಂಬಾಕು, ಅದರ ಮೇಲೆ ಎಷ್ಟು ಕೆಂಡ, ಯಾವಾಗ ಊದಬೇಕು, ಯಾವಾಗ ಬೂದಿ ಕೊಡವಬೇಕು ಎಂಬುದೆಲ್ಲ ಅವನ ಕೈಯಲ್ಲಿತ್ತು. ದೊರೆಗೆ ಬಂಗಾಳವನ್ನು ಆಳಲು ಬರುತ್ತಿತ್ತು. ತನ್ನ ಹೊಗೆಯ ಹದವನ್ನು ತಾನೇ ನೋಡಿಕೊಳ್ಳಲು ಬರುತ್ತಿರಲಿಲ್ಲ.

ಆ ಹುದ್ದೆಯಲ್ಲಿ ಈಗ ನಾನಿದ್ದೇನೆ. ಸಂಬಳವಿಲ್ಲ, ಸಮವಸ್ತ್ರವಿಲ್ಲ, ಹುಕ್ಕಾ ಸಹ ನನ್ನ ಎದುರಿಗಿಲ್ಲ. ಅದು ಮ್ಯಾಂಚೆಸ್ಟರಿನಲ್ಲಿದೆ. ನಾನು ಕೋಲ್ಕತ್ತದ ಲೇಕ್ ಮಾರ್ಕೆಟ್ ಬಳಿ, ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಫೋನು ಹಿಡಿದು ಕೂತಿರುತ್ತೇನೆ.

ನನ್ನ ಯಜಮಾನ ನನ್ನ ತಂಗಿಯ ಮಗ. ಸಿಗರೇಟು ಬಿಡುತ್ತೇನೆಂದು ಹೊರಟು ಅವನು ಇ-ಸಿಗರೇಟಿಗೆ ಬಂದು ನಿಂತ. ಆ ದೇಶದ ಆರೋಗ್ಯ ಇಲಾಖೆಯೇ ಬೀಡಿ ಸಿಗರೇಟು ಬಿಡಲಾರದವರಿಗೆ ಇದನ್ನು ಹಿಡಿಯಿರಿ ಎನ್ನುತ್ತದಂತೆ. ಮೊದಲು ಸೇದಿ ಎಸೆಯುವ ಬಣ್ಣಬಣ್ಣದ ಕಡ್ಡಿಗಳಿದ್ದವು. ಅವುಗಳಲ್ಲಿ ಗುಂಡಿಯಿಲ್ಲ, ಅಂಕಿಯಿಲ್ಲ, ಆದ್ದರಿಂದ ಮಾವನ ಅಗತ್ಯವೂ ಇರಲಿಲ್ಲ. 2025ರ ಜೂನ್ 1ರಿಂದ ಬ್ರಿಟನ್ನಿನಲ್ಲಿ ಅವುಗಳ ಮಾರಾಟ ನಿಷೇಧವಾಯಿತು, ಇವನು ಮತ್ತೆ ಮತ್ತೆ ತುಂಬಿಸುವ ಯಂತ್ರ ಕೊಂಡ. ಅದಕ್ಕೆ ಬ್ಯಾಟರಿ ಬೇರೆ, ದ್ರವದ ಟ್ಯಾಂಕು ಬೇರೆ, ಬದಲಿಸುವ ಕಾಯಿಲ್‌ಗಳ ಡಬ್ಬಿ ಬೇರೆ. ಪುಟ್ಟ ಪರದೆ, ಕೂಡಿಸುವ ಕಳೆಯುವ ಎರಡು ಗುಂಡಿ. ಬ್ರಿಟಿಷ್ ಸಂಸತ್ತು ಕಸ ಕಡಿಮೆ ಮಾಡಲು ಹೋಗಿ ನನ್ನನ್ನು ಕೆಲಸಕ್ಕೆ ಹಚ್ಚಿತು.

"ಮಾವ, ನೀವು ಫಿಸಿಕ್ಸ್ ಓದಿದೋರು ಅಲ್ವಾ? ಕಾಯಿಲ್ ಮೇಲೆ ಝೀರೋ ಪಾಯಿಂಟ್ ಏಯ್ಟ್ ಓಮ್ ಅಂತಿದೆ. ಎಷ್ಟು ವ್ಯಾಟ್‌ಗೆ ಇಡ್ಲಿ?"

"ಅಂಗಡೀಲಿ ಏನು ಹೇಳಿದ್ರೋ?"

"ಟ್ರೈ ಮಾಡಿ ನೋಡಿ ಅಂದ್ರು. ಮಾವ, ಇನ್ನೊಂದು. ಅಮ್ಮಂಗೆ ಹೇಳ್ಬೇಡಿ."

ನೇಮಕಾತಿ ಆದೇಶ ಇಷ್ಟೇ. ಮೈಸೂರಿನಲ್ಲಿ ಬಿ.ಎಸ್‌ಸಿ. ಮುಗಿಸಿ ಬ್ಯಾಂಕು ಸೇರಿದ ಮೇಲೆ ಓಮನ ನಿಯಮವನ್ನು ಯಾರೂ ನನ್ನಲ್ಲಿ ಕೇಳಿರಲಿಲ್ಲ. ಲೆಡ್ಜರುಗಳ ಕೆಳಗೆ ಅಷ್ಟು ವರ್ಷ ಮಲಗಿದ್ದದ್ದು ಕರೆದ ಕೂಡಲೇ ಎದ್ದು ಬಂತು. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ವ್ಯಾಟ್. ಆ ಬ್ಯಾಟರಿಯ ಸರಾಸರಿ ಒತ್ತಡ 3.7 ವೋಲ್ಟ್, ಅದರ ವರ್ಗ 13.69. 0.8 ಓಮ್‌ನಿಂದ ಭಾಗಿಸಿದರೆ 17ಕ್ಕೆ ತುಸು ಮೇಲೆ. ಸೀದಾ ಬ್ಯಾಟರಿಗೆ ಕಟ್ಟಿದರೆ ಅಷ್ಟು. "ಕಾಯಿಲಿನ ಮೈಮೇಲೆ ಏನು ಬರೆದಿದೆ ಓದು" ಎಂದೆ. 12ರಿಂದ 16 ವ್ಯಾಟ್ ಎಂದು ಕೊರೆದಿತ್ತು. ತಯಾರಿಸಿದವನೇ ಉತ್ತರ ಬರೆದು ಕಳಿಸಿದ್ದಾನೆ! ಆದರೂ ಜಗತ್ತಿನ ಯುವಕರು ಆ ಉತ್ತರವನ್ನು ಓದದೆ ಪ್ರಶ್ನೆ ಕೇಳುತ್ತಾರೆ.

ಓದಿಯೂ ನಂಬಲಿಲ್ಲ ಎನ್ನುವುದೇ ಸರಿ. ಗೆಳೆಯನೊಬ್ಬ 40 ವ್ಯಾಟಿನಲ್ಲಿ ಸೇದುತ್ತಾನೆ, ಬಾಯಿಂದ ಮೋಡವೇ ಹೊರಡುತ್ತದೆ, ತನ್ನದು ಮಾತ್ರ 14ರಲ್ಲಿ ಇರಬೇಕೇ ಎಂಬುದು ಇವನ ಸಂಕಟ. ಆ ಗೆಳೆಯನ ಕಾಯಿಲ್ 0.3 ಓಮಿನದು, ಜಾಲರಿಯದು, ಅಗಲದ್ದು. ಇವನದು ಸಪೂರ ತಂತಿಯ ಸುರುಳಿ. ವ್ಯಾಟ್ ಎಷ್ಟೆಂಬುದಕ್ಕಿಂತ ಆ ವ್ಯಾಟು ಎಷ್ಟು ಅಗಲದ ಲೋಹದ ಮೇಲೆ ಹರಡುತ್ತದೆ ಎಂಬುದು ಮುಖ್ಯ. ಲೇಕ್ ಮಾರ್ಕೆಟ್ ಕಡೆಯ ದಕ್ಷಿಣದ ಹೋಟೆಲುಗಳಲ್ಲಿ ದೋಸೆ ಹುಯ್ಯುವ ಭಟ್ಟರನ್ನು ನೋಡಿ. ನಾಲ್ಕಾರು ದೋಸೆ ಹಿಡಿಸುವ ಕಲ್ಲಿಗೆ ಬೇಕಾದ ಉರಿಯನ್ನು ಮನೆಯ ಅಂಗೈಯಗಲದ ಕಾವಲಿಗೆ ಕೊಟ್ಟರೆ ಹಿಟ್ಟು ಹರಡುವ ಮೊದಲೇ ಕರಿಕಲು. ಭಟ್ಟರು ಥರ್ಮಾಮೀಟರ್ ಇಟ್ಟವರಲ್ಲ. ನೀರು ಚಿಮುಕಿಸುತ್ತಾರೆ, ಚುರ್ ಎನ್ನುವ ಸದ್ದು ಕೇಳುತ್ತಾರೆ, ಪೊರಕೆಯಿಂದ ಸವರುತ್ತಾರೆ, ಹುಯ್ಯುತ್ತಾರೆ. ಇದನ್ನೆಲ್ಲ ನಾನು ಫೋನಿನಲ್ಲಿ ವಿವರಿಸುತ್ತಿರುವಾಗಲೇ ಮ್ಯಾಂಚೆಸ್ಟರಿನವನು 30 ಒತ್ತಿ ಒಂದು ದಮ್ಮು ಎಳೆದ.

ಎಂಟು ಸಾವಿರ ಕಿಲೋಮೀಟರ್ ದೂರದ ಕೆಮ್ಮು ಅಷ್ಟು ಸ್ಪಷ್ಟವಾಗಿ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ.

ಆಗಿದ್ದೇನೆಂದರೆ, ಸುರುಳಿಯ ಸುತ್ತ ಹತ್ತಿ ಇರುತ್ತದೆ. ಹತ್ತಿ ದ್ರವ ಹೀರಬೇಕು, ತಂತಿ ಕಾಯಬೇಕು, ದ್ರವ ಆವಿಯಾಗಬೇಕು. ಇಡೀ ವ್ಯವಹಾರದಲ್ಲಿ ಏನೂ ಸುಡುವಂತಿಲ್ಲ. ಹೊಸ ಕಾಯಿಲಿಗೆ ಮೊದಲು ನಾಲ್ಕು ಹನಿ ದ್ರವ ಬಿಟ್ಟು, ಟ್ಯಾಂಕು ತುಂಬಿ, ಹತ್ತು ನಿಮಿಷ ಸುಮ್ಮನಿರಬೇಕು. ಈ ಹುಡುಗರಿಗೆ ಓಮ್, ವೋಲ್ಟ್, ವ್ಯಾಟ್ ಎಲ್ಲ ಬರುತ್ತದೆ, ಹತ್ತು ನಿಮಿಷ ಸುಮ್ಮನಿರುವುದು ಮಾತ್ರ ಬರುವುದಿಲ್ಲ. ಒಣ ಹತ್ತಿಗೆ 30 ವ್ಯಾಟ್ ಬಿದ್ದರೆ ಹತ್ತಿ ಕರಕಲಾಗುತ್ತದೆ, ದ್ರವದಲ್ಲಿರುವ ಗ್ಲಿಸರಿನ್ ಒಡೆದು ಅಕ್ರೋಲೀನ್ ಆಗುತ್ತದೆ. ಒಗ್ಗರಣೆ ಎಣ್ಣೆ ಹೊತ್ತಿದಾಗ ಕಣ್ಣು ಗಂಟಲು ಹಿಡಿಯುವ ಘಾಟು ಅದರದೇ. ಜೊತೆಗೆ ಫಾರ್ಮಾಲ್ಡಿಹೈಡ್ ಬೇರೆ. ಒಮ್ಮೆ ಕರಕಲಾದ ಕಾಯಿಲಿಗೆ ಪ್ರಾಯಶ್ಚಿತ್ತವಿಲ್ಲ. ತೆಗೆದೆಸೆದು ಬೇರೆಯದು ಹಾಕಬೇಕು. ಕಸ ಕಡಿಮೆ ಮಾಡುವ ಕಾನೂನಿಗೆ ಆ ಹೊತ್ತು ನಮ್ಮ ಮನೆತನದ ಕೊಡುಗೆ ಅದು.

ಎರಡನೆಯ ಕಾಯಿಲಿಗೆ ಕಟ್ಟುನಿಟ್ಟಿನ ಆಡಳಿತ ಜಾರಿಯಾಯಿತು. ಬರೆದಿರುವ ಅತಿ ಕಡಿಮೆ ಅಂಕಿಯಿಂದ ಶುರು. ರುಚಿ ತೆಳುವೆನಿಸಿದರೆ ಒಂದು ವ್ಯಾಟ್ ಮೇಲೆ, ನಾಲ್ಕು ದಮ್ಮು, ಮತ್ತೆ ಒಂದು ಮೇಲೆ. ಗಂಟಲು ಗೊಣಗಿದರೆ ತಕ್ಷಣ ಕೆಳಗೆ. ಒಂದರ ಹಿಂದೊಂದು ಎಳೆಯಬಾರದು, ಹತ್ತಿಗೆ ಮತ್ತೆ ಹೀರಲು ಪುರುಸೊತ್ತು ಕೊಡಬೇಕು. ಗ್ಲಿಸರಿನ್ ಹೆಚ್ಚಿರುವ ದಪ್ಪ ದ್ರವ ಸಣ್ಣ ಕಾಯಿಲಿನ ರಂಧ್ರಗಳಲ್ಲಿ ಇಳಿಯುವುದಿಲ್ಲ, ಅದಕ್ಕೆ ತೆಳ್ಳಗಿನ ಮಿಶ್ರಣವೇ ಬೇಕು. ಸಿಹಿ ಹೆಚ್ಚಿದ್ದರೆ ತಂತಿಯ ಮೇಲೆ ಅಂಟು ಕಟ್ಟುತ್ತದೆ. ಇವನು ತಂದಿದ್ದದ್ದು ಮಾವಿನ ಹಣ್ಣಿನ ಐಸ್‌ಕ್ರೀಮ್ ರುಚಿಯದು. ಧೂಮಪಾನ ಬಿಡಲು ಹೊರಟವನು ಮಾವಿನ ಹಣ್ಣಿನ ಐಸ್‌ಕ್ರೀಮ್ ಸೇದುವುದು ಯಾವ ಶಾಸ್ತ್ರವೋ ನನಗೆ ತಿಳಿಯದು. ನಾನು ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ಆದರೂ ಹದಿನಾಲ್ಕೂವರೆ ಮೇಲೋ ಹದಿನೈದು ಮೇಲೋ ಎಂದು ಚರ್ಚಿಸುವಾಗ ನನ್ನ ದನಿಗೆ ಬರುವ ಅಧಿಕಾರ ಕೇಳಿ ನನ್ನ ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡುತ್ತಾಳೆ.

ಇಂಥ ಒಂದು ಸಂಜೆ ಕೆಳಮನೆಯ ದಾದಾಗೆ ವಿಷಯ ತಿಳಿಯಿತು. ಬಂಗಾಳದಲ್ಲಿ ಒಬ್ಬರಿಗೆ ತಿಳಿದರೆ ಅದು ಹರಟೆಯ ಅಡ್ಡಾಗೆ ಹೋಗುತ್ತದೆ. ಅಡ್ಡಾಗೆ ಹೋದರೆ ಇತಿಹಾಸದಿಂದ ಶುರುವಾಗುತ್ತದೆ. ವಿದ್ಯುತ್ತಿನ ವಿಷಯ ಕನ್ನಡದವನಿಗೇಕೆ, ಕಲ್ಕತ್ತೆಗೆ 1899ರಲ್ಲೇ ಇಮಾಮ್‌ಬಾಗ್ ಲೇನಿನಿಂದ ಕರೆಂಟು ಬಂದಿತ್ತು ಎಂದರು ದಾದಾ. ಬೆಂಗಳೂರಿನ ದೀಪ ಹೊತ್ತಿದ್ದು 1905ರಲ್ಲಿ, ಒಪ್ಪಿಕೊಂಡೆ. ಅದು ಶಿವನಸಮುದ್ರದ ನೀರಿನಿಂದ ಬಂದದ್ದು, ನಿಮ್ಮದು ಕಲ್ಲಿದ್ದಲಿನ ಹೊಗೆ ಎಂದು ಸೇರಿಸಿದೆ. ಹೊಗೆಯ ವಿಷಯದಲ್ಲಿ ನಾವೇ ಮುಂದು ಎಂದು ಅವರು ಅದನ್ನೂ ಹೆಮ್ಮೆಯ ಖಾತೆಗೆ ಜಮಾ ಮಾಡಿಕೊಂಡರು.

ಹೆಮ್ಮೆಗೆ ಆಧಾರವಿಲ್ಲದಿಲ್ಲ. 1777ರಲ್ಲಿ ಇಲ್ಲಿಗೆ ಬಂದ ವಕೀಲ ವಿಲಿಯಂ ಹಿಕ್ಕಿ ತನ್ನ ನೆನಪುಗಳಲ್ಲಿ, ಊಟ ಬಿಟ್ಟರೂ ಹುಕ್ಕಾ ಬಿಡೆವು ಎನ್ನುವವರನ್ನು ಕಂಡಿದ್ದಾಗಿ ಬರೆದಿದ್ದಾನೆ. ಅವನಿಗೆ ಮಾತ್ರ ಅದು ರುಚಿಸಲಿಲ್ಲ. ಆ ಕಾಲದ ಎಷ್ಟೋ ಸಾಹೇಬರು ಈಗ ಪಾರ್ಕ್ ಸ್ಟ್ರೀಟಿನ ಹಳೆಯ ಗೋರಿಗಳ ಕೆಳಗಿದ್ದಾರೆ. ಅವರಲ್ಲಿ ಬಹಳ ಮಂದಿಯನ್ನು ಒಯ್ದದ್ದು ಬಂಗಾಳದ ಜ್ವರ. ತಂಬಾಕಿಗೆ ತನ್ನ ಕೆಲಸ ಮಾಡಲು ಇಪ್ಪತ್ತು ಮೂವತ್ತು ವರ್ಷ ಬೇಕು, ಜ್ವರ ಅಷ್ಟು ಕಾಯುತ್ತಿರಲಿಲ್ಲ.

ಸಿಮ್ಲಾ ಬಡಾವಣೆಯ ವಕೀಲ ವಿಶ್ವನಾಥ ದತ್ತರ ಮನೆಯ ಕಥೆ ದಾದಾ ಹೇಳದೆ ಬಿಡುವುದಿಲ್ಲ. ಕಕ್ಷಿದಾರರಿಗಾಗಿ ಅಲ್ಲಿ ಒಂದೊಂದು ಜಾತಿಗೆ ಒಂದೊಂದು ಹುಕ್ಕಾ ಸಾಲಾಗಿ ಇರುತ್ತಿದ್ದವು, ಮುಸಲ್ಮಾನರಿಗೆ ಬೇರೆ. ಬೆರೆಸಿದರೆ ಜಾತಿ ಹೋಗುತ್ತದೆಂದು ಹೇಳಿದ್ದರು. ಯಾರೂ ಇಲ್ಲದಾಗ ಮಗ ನರೇಂದ್ರ ಒಂದೊಂದನ್ನೂ ಎಳೆದು ನೋಡಿದನಂತೆ. ತಂದೆ ಬಂದು ಇದೇನು ಎಂದರೆ, ಜಾತಿ ಹೇಗೆ ಹೋಗುತ್ತದೆ ನೋಡುತ್ತಿದ್ದೆ ಎಂದನಂತೆ. ಹುಡುಗ ಮುಂದೆ ವಿವೇಕಾನಂದರಾದದ್ದು ಎಲ್ಲರಿಗೂ ಗೊತ್ತು. ಹೊಗೆಯ ಉಪಕರಣವನ್ನು ವೈಜ್ಞಾನಿಕವಾಗಿ ಪರೀಕ್ಷಿಸಿ ಒಂದು ಉಪಯುಕ್ತ ತೀರ್ಮಾನಕ್ಕೆ ಬಂದವರು ನನಗೆ ತಿಳಿದಂತೆ ಅವರೊಬ್ಬರೇ. ನಮ್ಮ ಕಡೆ ಶಿಶುನಾಳ ಶರೀಫರು ಗುಡುಗುಡಿಯನ್ನೇ ತತ್ತ್ವಪದ ಮಾಡಿ ಹಾಡಿದರು ಎಂದು ನಾನೂ ಒಂದು ಬಾಣ ಬಿಟ್ಟೆ. ದಾದಾ ಒಂದು ಕ್ಷಣ ಸುಮ್ಮನಾದರು. ಬಂಗಾಳಿಯನ್ನು ಒಂದು ಕ್ಷಣ ಸುಮ್ಮನಾಗಿಸುವುದೆಂದರೆ ಸಾಮಾನ್ಯವೇ?

ಇಷ್ಟಾಗಿ, ದಾದಾ ಸೇದುವುದು ಸಾದಾ ಸಿಗರೇಟು. ಹೊತ್ತಿಸುವುದು ನಮ್ಮ ಬೀದಿಯ ಪಾನ್ ಅಂಗಡಿಯ ಹಗ್ಗದಿಂದ. ಅಂಗಡಿಯ ಕಂಬಕ್ಕೆ ತೆಂಗಿನ ನಾರಿನ ಹಗ್ಗ ಇಳಿಬಿಟ್ಟು, ತುದಿಗೆ ಕಿಡಿ ತಾಗಿಸಿರುತ್ತಾರೆ. ಅದು ಬೆಳಗಿನಿಂದ ರಾತ್ರಿಯವರೆಗೆ ಉರಿಯದೆ, ಆರದೆ, ಕನಲುತ್ತಲೇ ಇರುತ್ತದೆ. ಗಿರಾಕಿ ಬಂದು ತುದಿಗೆ ಸಿಗರೇಟು ಹಿಡಿದು ಒಂದು ಸಲ ಊದುತ್ತಾನೆ, ಕೆಂಪಾಗುತ್ತದೆ, ಹೊತ್ತಿಸಿಕೊಳ್ಳುತ್ತಾನೆ, ಹೋಗುತ್ತಾನೆ. ಬ್ಯಾಟರಿಯಿಲ್ಲ, ಪರದೆಯಿಲ್ಲ, ಓಮಿನ ಗೊಡವೆಯಿಲ್ಲ. ಮಳೆಗಾಲದಲ್ಲಿ ಎರಡು ಸಲ ಊದಬೇಕು, ಅಷ್ಟೇ ಅದರ ಸೆಟ್ಟಿಂಗು. ಆದರೆ ಆ ಹಗ್ಗದ ಮುಂದೆ ದಾದಾ ಸಹ ನಲವತ್ತು ವರ್ಷದಿಂದ ಕೆಮ್ಮುತ್ತಿದ್ದಾರೆ ಎಂಬುದನ್ನೂ ಹೇಳಿಬಿಡಬೇಕು.

ದುರ್ಗಾಪೂಜೆಗೆ ಬರುತ್ತೇನೆ, ಯಂತ್ರ ತರಲೇ ಎಂದು ಹುಡುಗ ಕೇಳಿದಾಗ ನಾನು ಭೌತಶಾಸ್ತ್ರ ಬಿಟ್ಟು ಕಾನೂನಿಗೆ ಬರಬೇಕಾಯಿತು. 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ, ಡಿಸೆಂಬರಿನಲ್ಲಿ ಸಂಸತ್ತಿನ ಕಾಯಿದೆ. ಇ-ಸಿಗರೇಟನ್ನು ತಯಾರಿಸುವಂತಿಲ್ಲ, ಆಮದು ಮಾಡುವಂತಿಲ್ಲ, ಮಾರುವಂತಿಲ್ಲ, ದಾಸ್ತಾನು ಇಡುವಂತಿಲ್ಲ, ಜಾಹೀರಾತೂ ಕೂಡದು. ದಾಸ್ತಾನು ಬಿಟ್ಟು ಉಳಿದವುಗಳಲ್ಲಿ ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕರ್ನಾಟಕ ಇದಕ್ಕೂ ಮೂರು ವರ್ಷ ಮೊದಲೇ, 2016ರಲ್ಲಿ ನಿಷೇಧಿಸಿತ್ತು. "ಅಂದರೆ ಕೋಲ್ಕತ್ತದಲ್ಲಿ ಯಾವ ವ್ಯಾಟ್ ಮಾವ?" "ಸೊನ್ನೆ ಕಣಪ್ಪಾ. ಡಮ್‌ಡಮ್ ವಿಮಾನ ನಿಲ್ದಾಣದಲ್ಲಿ ಓಮನ ನಿಯಮ ನಡೆಯಲ್ಲ."

"ಮತ್ತೆ ಹುಕ್ಕಾ?" ಅದು ನಡೆಯುತ್ತದೆ. 2022ರ ಕೊನೆಯಲ್ಲಿ ಇಲ್ಲಿನ ನಗರಪಾಲಿಕೆ ಹುಕ್ಕಾ ಬಾರ್‌ಗಳನ್ನು ಮುಚ್ಚಿಸಲು ಹೊರಟಿತು. 2023ರ ಜನವರಿಯಲ್ಲಿ ಕಲ್ಕತ್ತಾ ಹೈಕೋರ್ಟು, ಅದಕ್ಕೊಂದು ಕಾನೂನೇ ಇಲ್ಲದೆ ಮುಚ್ಚಿಸಲಾಗದು ಎಂದಿತು. ಮರುವರ್ಷ ಕರ್ನಾಟಕ ಹುಕ್ಕಾವನ್ನೂ ನಿಷೇಧಿಸಿತು. ಹೀಗಾಗಿ ಕೆಂಡಕ್ಕೆ ಕೋಲ್ಕತ್ತದಲ್ಲಿ ಪರವಾನಗಿ, ಬೆಂಗಳೂರಿನಲ್ಲಿ ಇಲ್ಲ. ಕಾಯಿಲಿಗೆ ಎರಡೂ ಕಡೆ ಇಲ್ಲ. ಕಾಗದದಲ್ಲಿ ಸುತ್ತಿದ ತಂಬಾಕಿಗೆ ಎಲ್ಲೆಡೆಯೂ ಇದೆ. ಅದರ ದೊಡ್ಡ ಕಂಪನಿ 1910ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ, ಚೌರಂಗಿಯಲ್ಲಿ ವರ್ಜೀನಿಯಾ ಹೌಸ್ ಎಂಬ ಗಂಭೀರ ಕಟ್ಟಡದಲ್ಲಿ ಇವತ್ತಿಗೂ ಕೂತಿದೆ. ಇದರಲ್ಲಿ ತರ್ಕ ಹುಡುಕಲು ಓಮ್ ಸಾಲುವುದಿಲ್ಲ. ಮಕ್ಕಳ ಕೈಗೆ ಮಾವಿನ ಹಣ್ಣಿನ ಐಸ್‌ಕ್ರೀಮ್ ಸೇದಲು ಸಿಗಬಾರದು ಎಂಬ ಮಟ್ಟಿಗೆ ಕಾಯಿದೆ ನನಗೆ ಒಪ್ಪಿಗೆ. ಪಕ್ಕದ ಸಿಗರೇಟು ಡಬ್ಬಿಯ ಮೇಲೇಕೆ ಅಷ್ಟು ದಯೆ ಎಂಬಲ್ಲಿ ಮಾತ್ರ ತಕರಾರು.

ಹುಡುಗ ಯಂತ್ರ ಬಿಟ್ಟೇ ಬಂದ. ಅಷ್ಟಮಿಯ ರಾತ್ರಿ ನಮ್ಮ ಓಣಿಯ ಪೆಂಡಾಲಿನಲ್ಲಿ ಢಾಕ್ ಬಡಿಯುತ್ತಿರುವಾಗ ಅವನ ಎರಡೂ ಕೈಗೆ ಧುನುಚಿ ಕೊಟ್ಟರು. ಮಣ್ಣಿನ ಧೂಪಾರತಿ, ಒಳಗೆ ತೆಂಗಿನ ಸಿಪ್ಪೆಯ ಕೆಂಡ, ಮೇಲೆ ರಾಳದ ಪುಡಿ. ಗೆಳೆಯನ 40 ವ್ಯಾಟಿನ ಮೋಡ ಅದರ ಮುಂದೆ ಯಾವ ಲೆಕ್ಕ! ಕುಣಿದು ಕೆಮ್ಮಿ ಕಣ್ಣೊರೆಸಿಕೊಂಡು ಬಂದು, "ಇದಕ್ಕೆ ಸೆಟ್ಟಿಂಗ್ ಇಲ್ವಾ ಮಾವ?" ಎಂದ. ದಾದಾ ಬೀಸಣಿಗೆ ತೋರಿಸಿದರು.

ಮೊನ್ನೆ ನನ್ನ ತಂಗಿ ಮ್ಯಾಂಚೆಸ್ಟರಿಗೆ ಮಗನನ್ನು ನೋಡಲು ಹೋಗಿದ್ದಳು. ಅಲ್ಲಿಂದ ಫೋನು. "ಅಣ್ಣಾ, ಇವನು ಕೆಲಸಕ್ಕೆ ಹೋಗಿದಾನೆ. ಮೇಜಿನ ಮೇಲೆ ಒಂದು ಕಪ್ಪು ಡಬ್ಬಿ, ಹದಿನಾಲ್ಕು ಅಂತ ತೋರಿಸ್ತಾ ಮಿನುಗ್ತಿದೆ. ಅದೇನು ಅಂತ ನಂಗೊತ್ತು, ನಿಂಗೂ ಗೊತ್ತು ಅಂತಾನೂ ಗೊತ್ತು. ಆರಿಸೋದು ಹೇಗೆ ಅಷ್ಟು ಹೇಳು."

ಅಷ್ಟು ದಿನದ ಸೇವೆಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ನಿಮ್ಮ ಮನೆಯ ಮಕ್ಕಳು ಹೊರದೇಶದಲ್ಲಿದ್ದು, ನೀವು ಹೋದಾಗ ಇಂಥದ್ದೊಂದು ಕಣ್ಣಿಗೆ ಬಿದ್ದರೆ ಬೈಗುಳ ಆಮೇಲೆ. ಮೊದಲು ಅದರ ದೊಡ್ಡ ಗುಂಡಿಯನ್ನು ಬೇಗ ಬೇಗ ಐದು ಸಲ ಒತ್ತಿ. ಬಹುಪಾಲು ಯಂತ್ರಗಳು ಅಷ್ಟಕ್ಕೆ ಆಫ್ ಆಗುತ್ತವೆ.