ನಮ್ಮನೆಯ ಮೂವರು ಡ್ರೈವರುಗಳು

ನಮ್ಮ ಮನೆಯಲ್ಲಿ ಮೂವರು ಡ್ರೈವರುಗಳಿದ್ದಾರೆ, ಕಾರಿಲ್ಲ. ನೆಂಟರು ನಕ್ಕ ಮೇಲೆ ಅವರನ್ನು ಮಹಡಿಯ ಕೋಣೆಗೆ ಕರೆದೊಯ್ದು, ಎಸ್.ಪಿ. ರಸ್ತೆಯಿಂದ ತಂದ ಮೂರು ಟಿಬಿ6600 ಡಬ್ಬಿಗಳನ್ನು ತೋರಿಸುತ್ತೇನೆ. ಮರದಲ್ಲಿ ತಾನಾಗಿ ಅಕ್ಷರ ಕೊರೆಯುವ ಸಿಎನ್‌ಸಿ ಯಂತ್ರ, ಮೂರು ದಿಕ್ಕಿಗೆ ಮೂರು ಸ್ಟೆಪರ್ ಮೋಟಾರು, ಮೋಟಾರಿಗೊಬ್ಬ ಡ್ರೈವರು ಎಂದು ವಿವರಿಸಿ ಮುಗಿಸುವಷ್ಟರಲ್ಲಿ ಅವರ ಕಾಫಿ ಆರಿರುತ್ತದೆ.

ಕಂಪ್ಯೂಟರಿಗೂ ಡ್ರೈವರುಗಳಿಗೂ ನಡುವೆ ಮದುವೆ ದಲ್ಲಾಳಿಯ ಹಾಗೆ ಕೂತಿರುವುದು ಬ್ರೇಕ್‌ಔಟ್ ಬೋರ್ಡು. ಇದನ್ನು ಸಿಕ್ಕಿಸುವುದು ಹಳೇ ಕಂಪ್ಯೂಟರಿನ ಪ್ರಿಂಟರ್ ಪೋರ್ಟಿಗೆ. ಅಲ್ಲಿರುವ 25 ಪಿನ್ನುಗಳಲ್ಲಿ ಹೇಳುವವು 12, ಕೇಳಿಸಿಕೊಳ್ಳುವವು 5. ಉಳಿದ 8 ಗ್ರೌಂಡು, ಚಕಾರವೆತ್ತದೆ ನೆಲ ಹಿಡಿದವು. ನಮ್ಮ ಬಡಾವಣೆಯ ಸಂಘದ ಸಭೆಯಲ್ಲೂ ಲೆಕ್ಕ ಹೆಚ್ಚುಕಡಿಮೆ ಇದೇ.

ಡ್ರೈವರಿನೊಳಗೆ ನನಗೆ ಬಲು ಹಿಡಿಸಿದ್ದು ಆಪ್ಟೋಕಪ್ಲರ್. ಬೋರ್ಡಿನಿಂದ ಬಂದ ಸಂಕೇತ ಒಂದು ಪುಟ್ಟ ಎಲ್‌ಇಡಿಯನ್ನು ಮಿನುಗಿಸುತ್ತದೆ. ಎದುರಿಗೆ ಕೂತದ್ದು ಆ ಬೆಳಕನ್ನು ಕಂಡು ಮೋಟಾರಿನ ಕಡೆಗೆ ಸುದ್ದಿ ಮುಟ್ಟಿಸುತ್ತದೆ. ತಂತಿಗೆ ತಂತಿ ತಾಗುವ ಮಾತೇ ಇಲ್ಲ. ಮಡಿಯುಟ್ಟ ನಮ್ಮಜ್ಜಿ ಮೊಮ್ಮಕ್ಕಳ ಬೊಗಸೆಗೆ ಗೇಣು ಮೇಲಿನಿಂದಲೇ ಪ್ರಸಾದ ಬೀಳಿಸುತ್ತಿದ್ದರಲ್ಲ, ಅದೇ ವಿದ್ಯೆ. 24 ವೋಲ್ಟಿನ ಮೈಲಿಗೆ ಕಂಪ್ಯೂಟರಿನ 5 ವೋಲ್ಟಿಗೆ ತಟ್ಟಬಾರದು.

ಡ್ರೈವರಿನಲ್ಲಿ ಹೆಜ್ಜೆ ಹೇಳುವ ಪಲ್ಸ್, ದಿಕ್ಕು ಹೇಳುವ ಡೈರೆಕ್ಷನ್ ಎಂಬ ಎರಡು ಜೋಡಿ. ಎರಡರ ಪ್ಲಸ್ಸನ್ನೂ ಒಟ್ಟು ಸೇರಿಸಿ ಬೋರ್ಡಿನ 5 ವೋಲ್ಟಿಗೆ ಕೊಟ್ಟೆ, ಮೈನಸ್ಸುಗಳನ್ನು ಅವವುಗಳ ಪಿನ್ನಿಗೆ ಸೇರಿಸಿದೆ. ಎನೇಬಲ್ ಎಂಬ ಇನ್ನೊಂದು ಜೋಡಿ ಉಳಿಯಿತು. ನನ್ನ ಡ್ರೈವರಿನಲ್ಲಿ ಅದನ್ನು ಖಾಲಿ ಬಿಟ್ಟರೆ ಮೋಟಾರು ಕೆಲಸ ಮಾಡುತ್ತದೆ, ಸಂಕೇತ ಕೊಟ್ಟರೆ ಕೈಚೆಲ್ಲುತ್ತದೆ. ಅನುಮತಿ ಕೇಳದಿದ್ದರೆ ಕೆಲಸ ನಡೆಯುತ್ತದೆ, ಕೇಳಿದರೆ ನಿಲ್ಲುತ್ತದೆ. ಕಚೇರಿ ಅಲೆದವರಿಗೆ ಇದೇನೂ ಹೊಸದಲ್ಲ.

ಮೋಟಾರಿಗೆ ನಾಲ್ಕು ತಂತಿ, ಒಳಗೆ ಎರಡು ಸುರುಳಿ. ಯಾವುದಕ್ಕೆ ಯಾವುದು ಜೋಡಿ? ಬಣ್ಣ ನೋಡಿ ಕೂಡಿಸಿದೆ. ಮೋಟಾರು ಚಳಿಜ್ವರ ಬಂದಂತೆ ಗಡಗಡ ನಡುಗಿತೇ ಹೊರತು ತಿರುಗಲಿಲ್ಲ. ಪೀಣ್ಯದಲ್ಲಿ ಲೇತ್ ನಡೆಸುವ ಗೆಳೆಯರೊಬ್ಬರು ಬಂದು, "ಬಣ್ಣ ನಂಬ್ಕೊಂಡ್ರೆ ಕೆಟ್ರಿ ಸಾರ್" ಅಂದವರೇ ಮೋಟಾರನ್ನು ಬಿಚ್ಚಿ ಕೈಗೆತ್ತಿಕೊಂಡರು. ಎರಡು ತಂತಿಗಳ ತುದಿ ಮುಟ್ಟಿಸಿ ಶಾಫ್ಟನ್ನು ಬೆರಳಲ್ಲಿ ತಿರುಗಿಸಿದರು. ಬಿಗಿಯಾಯಿತೋ, ಅವೆರಡು ಒಂದೇ ಸುರುಳಿಯವು. ಸಲೀಸಾಗಿ ತಿರುಗಿತೋ, ಸಂಬಂಧವಿಲ್ಲ. ಜಾತಕ ಬೇಡ, ದಲ್ಲಾಳಿ ಬೇಡ.

ಕಲಿತ ಹುರುಪಿನಲ್ಲಿ ಮಾರನೆಯ ದಿನ ಕರೆಂಟಿರುವಾಗಲೇ ಮೋಟಾರಿನ ತಂತಿ ಕಿತ್ತೆ. ಸುರುಳಿಯಲ್ಲಿ ಹರಿಯುವ ಕರೆಂಟನ್ನು ತಟ್ಟನೆ ಕಡಿದರೆ ವೋಲ್ಟೇಜು ಚಿಮ್ಮಿ ಡ್ರೈವರನ್ನೇ ಸುಡಬಹುದು. ಸುಟ್ಟಿತು. ಮತ್ತೆ ಎಸ್.ಪಿ. ರಸ್ತೆಗೆ ಹೋದರೆ ಅಂಗಡಿಯವನು ನನ್ನ ಮುಖ ನೋಡಿಯೇ, "ಆನ್ ಇದ್ದಾಗ ವಯರ್ ಎಳೆದ್ರಾ?" ಅಂದ.

ಇನ್ನು ಲೆಕ್ಕ. ಒಂದು ಸುತ್ತಿಗೆ 200 ಹೆಜ್ಜೆ, ಹೆಜ್ಜೆಯನ್ನು 8 ಪಾಲು ಮಾಡಿದರೆ 1600. ಮೋಟಾರು ತಿರುಗಿಸುವ ಸ್ಕ್ರೂ ಒಂದು ಸುತ್ತು ಸುತ್ತಿದರೆ ಯಂತ್ರ 5 ಮಿಲಿಮೀಟರ್ ಸರಿಯುತ್ತದೆ. ಅಂದರೆ ಮಿಲಿಮೀಟರಿಗೆ 320 ಪಲ್ಸು. ಅಂಗಡಿಗೆ ಹೋಗಿ ಕೊತ್ತಂಬರಿ ಸೊಪ್ಪು ಮರೆತು ಬರುವವನಿಗೆ ಈ ಕರಾರುವಾಕ್ಕು ಎಲ್ಲಿಂದ ಬಂತೆಂದು ನನ್ನವಳಿಗೆ ಆಶ್ಚರ್ಯ.

ಕೊನೆಗೊಂದು ಭಾನುವಾರ ತೇಗದ ಹಲಗೆಯಿಟ್ಟು ಮನೆಯ ಹೆಸರು ಕೊರೆಸಿದೆ. ಒಂದಕ್ಷರವೂ ಕೆಡಲಿಲ್ಲ, ಎಲ್ಲವೂ ತಿರುಗಾಮುರುಗಾ. ಒಂದು ಸುರುಳಿಯ ಎರಡು ತಂತಿ ಅದಲುಬದಲಾದರೆ ಮೋಟಾರು ಹಿಮ್ಮುಖ ಸುತ್ತುತ್ತದೆ, ಅಷ್ಟೇ.

"ರೀ, ಇದು ಒಳಗಿಂದ ಓದೋದಕ್ಕಾ?" ಅಂದಳು ಹೆಂಡತಿ.

ತಂತಿ ಬದಲಿಸಿದ್ದೇನೆ. ಆ ಹಲಗೆ ಮಾತ್ರ ಮಲಗುವ ಕೋಣೆಯಲ್ಲಿ, ನಿಲುವುಗನ್ನಡಿಯ ಎದುರುಗೋಡೆಯಲ್ಲಿದೆ. ಕನ್ನಡಿಯೊಳಗೆ ಸರಿಯಾಗಿಯೇ ಓದಬಹುದು.