ಬೀರುವಿನೊಳಗಿನ ವಾಲಿಬಾಲು

ಆಚೆಮನೆ ಭಾವ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷನಾದ ಮೇಲೆ ನಮ್ಮ ಬೇಲಿ ಹತ್ತಿರದ ಮಾತುಕತೆಯ ವಿಷಯವೇ ಬದಲಾಗಿಬಿಟ್ಟಿದೆ. ಮೊದಲೆಲ್ಲ ಅಡಿಕೆ ದರ, ಕೊಳೆರೋಗ, ಮಂಗನ ಕಾಟ ಇಷ್ಟರಲ್ಲೇ ಹೊತ್ತು ಹೋಗುತ್ತಿತ್ತು. ಈಗ ಬಾಯಿ ತೆರೆದರೆ ನಡಾವಳಿ, ಕೊಟೇಷನ್, ಜಿಎಸ್‌ಟಿ ಬಿಲ್ಲು.

"ಭಾವ, ಶಾಲೆಗೆ ಆಟದ ಸಾಮಾನಿಗೆ ದುಡ್ಡು ಬಂತು ಮಾರಾಯ" ಅಂದ ಮೊನ್ನೆ.

"ಒಳ್ಳೇದಾತಲ್ಲ."

"ಎಂತ ಒಳ್ಳೇದು? ಬಂದಿದ್ದು ಮಾರ್ಚ್ ತಿಂಗಳಲ್ಲಿ. ಮೂವತ್ತೊಂದರೊಳಗೆ ಖರ್ಚು ಹಾಕಿ ಲೆಕ್ಕ ಕೊಡಬೇಕಂತೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ. ಮಕ್ಕಳು ಅಜ್ಜನಮನೆಯಲ್ಲಿ, ವಾಲಿಬಾಲು ಹೆಡ್‌ಮೇಷ್ಟ್ರ ಬೀರುವಿನಲ್ಲಿ. ಜೂನ್‌ನಲ್ಲಿ ಬೀರು ತೆಗೆಯುವ ಹೊತ್ತಿಗೆ ಅಂಗಳದಲ್ಲಿ ಮೊಣಕಾಲುದ್ದ ನೀರು. ಮಳೆ ಬಿಡುವಾಗ ಚೆಂಡಿನ ಗಾಳಿಯೂ ಹೋಗಿರುತ್ತದೆ, ಪಂಪು ಯಾರು ಒಯ್ದರೋ!"

ನಗು ಬಂತು. ಆದರೆ ಅವನು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಕಮ್ಮಿ. 2018ರಲ್ಲಿ ಸಮಗ್ರ ಶಿಕ್ಷಾ ಯೋಜನೆ ಶುರುವಾದಾಗಲೇ ಕ್ರೀಡೆಗೆ ಅಂತ ಬೇರೆಯೇ ಅನುದಾನ ಇಟ್ಟರು: ವರ್ಷಕ್ಕೆ ಕಿರಿಯ ಪ್ರಾಥಮಿಕ ಶಾಲೆಗೆ 5,000 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ ಹೆಚ್ಚೆಂದರೆ 25,000. ಐದು ಸಾವಿರದಲ್ಲಿ ಏನಾದೀತು ಅಂತ ಮೂಗು ಮುರಿಯುವವರಿದ್ದಾರೆ. ನಾನು ಆ ಪೈಕಿ ಅಲ್ಲ. ಹಗ್ಗ, ರಿಂಗು, ಎರಡು ಚೆಂಡು, ಖೋಖೋಗೆ ಎರಡು ಕಂಬ ಇಷ್ಟಕ್ಕೆ ಅದು ಸಾಕು. ಕಬಡ್ಡಿಗಂತೂ ಗೆರೆ ಎಳೆಯಲು ಸುಣ್ಣದ ಪುಡಿ ಇದ್ದರಾಯಿತು. ನಮ್ಮ ನೆಲದ ಆಟಗಳ ಸಾಮಾನನ್ನೂ ಆ ದುಡ್ಡಿನಲ್ಲೇ ಕೊಳ್ಳಬಹುದು. ಲಗೋರಿಗೆ ಮಾತ್ರ ಯಾರಾದರೂ ಕೊಟೇಷನ್ ಕರೆದಿದ್ದಾರೋ ಗೊತ್ತಿಲ್ಲ. ಏಳು ಬಿಲ್ಲೆ ಕಲ್ಲಿಗೆ ಬಿಲ್ಲು ಕೊಡುವ ಅಂಗಡಿ ಯಾವ ಪೇಟೆಯಲ್ಲಿದೆ?

"ಸಾಮಾನು ಬಿಡು ಭಾವ, ಆಡುವವರು ಎಲ್ಲಿ?" ಅಂದ. ಇದು ಸರಿಯಾದ ಪ್ರಶ್ನೆ. ಮಲೆನಾಡಿನಲ್ಲಿ ಮನೆಗೂ ಮನೆಗೂ ಮೈಲಿ ಅಂತರ, ಹದಿನಾಲ್ಕು ಮಕ್ಕಳ ಶಾಲೆಗಳು. ಕಬಡ್ಡಿ ಅಂಕಣಕ್ಕೆ ಇಳಿಯುವವರು ಏಳು, ಖೋಖೋಗೆ ಒಂಬತ್ತು. ಒಂದನೇ ಕ್ಲಾಸಿನ ಪೋರನನ್ನು ಸೇರಿಸಿಕೊಂಡರೂ ಹುಡುಗರದೊಂದು, ಹುಡುಗಿಯರದೊಂದು ಖೋಖೋ ತಂಡ ಆಗುವುದಿಲ್ಲ. ಇನ್ನು ಕಲಿಸುವವರು? 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕೊಡುತ್ತದೆ, ಆದರೆ ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ. ನಮ್ಮೂರಲ್ಲಿ ಮದುವೆ ಊಟಕ್ಕೂ ಅಷ್ಟು ಮಕ್ಕಳು ಸೇರುವುದಿಲ್ಲ. ಹಾಗಾಗಿ ಗಣಿತದ ಅಕ್ಕೋರೇ ಸೀಟಿ ಊದಬೇಕು, ಬಿಸಿಯೂಟದ ಲೆಕ್ಕ ಬರೆದು ಮುಗಿದ ಮೇಲೆ.

ಮೇಲಿಂದ ಕ್ರೀಡಾಕೂಟದ ಕಾಲ ನೋಡಿ. ವಲಯ ಮಟ್ಟ, ತಾಲೂಕು ಮಟ್ಟ ಅಂತ ಎಲ್ಲ ನಡೆಯುವುದು ಜುಲೈ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಬಯಲುಸೀಮೆಗೆ ಅದು ಸರಿ. ಇಲ್ಲಿ ಉದ್ದಜಿಗಿತದ ಮರಳಿನ ಗುಂಡಿಯಲ್ಲಿ ಕಪ್ಪೆ ಜಿಗಿಯುವ ಕಾಲ ಅದು. ಹಳ್ಳ ತುಂಬಿರುತ್ತದೆ, ಕಾಲುಸಂಕ ಮುಳುಗಿರುತ್ತದೆ, ಬೆಳಗಿನ ಬಸ್ಸು ಬಂದರೆ ಬಂತು. ತಂಡವನ್ನು ಪೇಟೆಗೆ ಕರೆದೊಯ್ಯಲು ಜೀಪಿನವನು ಎರಡೂವರೆ ಸಾವಿರ ಕೇಳುತ್ತಾನೆ. ಅದಕ್ಕೆ ಅನುದಾನದ ದುಡ್ಡು ತಾಗಿಸುವಂತಿಲ್ಲ, ಅದು ಸಾಮಾನಿಗೆ. ಕಡೆಗೆ ಮೇಷ್ಟ್ರ ಕಿಸೆ, ಇಲ್ಲವಾದರೆ ಭಾವನ ಅಡಿಕೆ ಚೀಲ.

ಹೀಗೆ ಮಾತಾಡುವಾಗ ನನಗೆ ನೆನಪಾಗುವುದು ನಮ್ಮದೇ ಜಿಲ್ಲೆಯ ಸಿದ್ದಿ ಮಕ್ಕಳ ಕತೆ. 1980ರ ದಶಕದ ಕೊನೆ, ಕೇಂದ್ರದಲ್ಲಿ ಮಾರ್ಗರೆಟ್ ಆಳ್ವ ಅವರು ಕ್ರೀಡಾ ಖಾತೆ ನೋಡುತ್ತಿದ್ದ ಕಾಲ. ಭಾರತೀಯ ಕ್ರೀಡಾ ಪ್ರಾಧಿಕಾರದವರು ಯಲ್ಲಾಪುರ, ಹಳಿಯಾಳದ ಕಾಡೂರುಗಳಿಂದ ಸಿದ್ದಿ ಹುಡುಗ-ಹುಡುಗಿಯರನ್ನು ಆರಿಸಿ, ಊಟ-ವಸತಿ ಕೊಟ್ಟು ಓಟ ಕಲಿಸಿದರು. ಅವರಲ್ಲಿ ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದವರಿದ್ದರು. ಆಫ್ರಿಕಾ ಮೂಲದವರು, ಓಡುವುದು ರಕ್ತದಲ್ಲೇ ಇದೆ ಎಂಬ ಆಗಿನ ಲೆಕ್ಕಾಚಾರ ನನಗೆ ಇವತ್ತಿಗೂ ಹಿಡಿಸುವುದಿಲ್ಲ. ದಿನಾ ಹಾಲು-ಮೊಟ್ಟೆ ಮತ್ತು ಹತ್ತಿರ ನಿಂತು ಹೇಳಿಕೊಡುವ ಕೋಚು, ಕೆಲಸ ಮಾಡಿದ್ದು ಇವೇ ಇರಬೇಕು. ಅದು ಏನೇ ಇರಲಿ, 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು. ಓಟದ ಬೂಟು ಕಟ್ಟಿದ್ದ ಎಷ್ಟೋ ಮಕ್ಕಳು ಊರಿಗೆ ಮರಳಿ ಕೂಲಿಗೆ ಹೋದರು. ಗೊನೆ ಹಾಕುವ ವರ್ಷವೇ ತೋಟಕ್ಕೆ ನೀರು ನಿಲ್ಲಿಸಿದ ಹಾಗೆ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಗಾದರೆ ಸರಕಾರದ ದುಡ್ಡೇ ಬೇಡವೋ?" ಅಂದ.

ಬೇಡ ಅಂದವರು ಯಾರು? ಐದು ಸಾವಿರವೇ ಇರಲಿ, ಜೂನ್‌ನಲ್ಲಿ ಬರಲಿ. ಪ್ರತಿ ವರ್ಷ ತಪ್ಪದೆ ಬರಲಿ. ಚೆಂಡು ಕೊಳ್ಳಬೇಕೋ ಜೀಪು ಹಿಡಿಯಬೇಕೋ ಎಂಬುದನ್ನು ಶಾಲೆಯವರೇ ತೀರ್ಮಾನಿಸಲಿ. ಹತ್ತಿರದ ನಾಲ್ಕಾರು ಪುಟ್ಟ ಶಾಲೆಗಳು ಸೇರಿ ಒಂದೇ ತಂಡ ಕಟ್ಟುವುದಕ್ಕೆ ಅವಕಾಶ ಬೇಕು, ವಾರಕ್ಕೊಂದು ದಿನ ಅವಕ್ಕೆಲ್ಲ ಒಬ್ಬರೇ ಪಿ.ಟಿ. ಮೇಷ್ಟ್ರು ಬಂದರೂ ಸಾಕು. ಅಂಕಣ ಮಾಡಲು ಉದ್ಯೋಗ ಖಾತ್ರಿಯಿದೆ, ಪಂಚಾಯ್ತಿಯ ಮುಂದೆ ಕೂತು ಕೇಳುವ ಅಧ್ಯಕ್ಷ ಬೇಕಷ್ಟೆ. "ಹೋಗ್ತೆ, ಸೋಮವಾರವೇ ಹೋಗ್ತೆ" ಅಂದ ಭಾವ.

ಇನ್ನು ದಾನಿಗಳ ವಿಷಯ. ಊರ ಶಾಲೆ ಮೇಲೆ ಪ್ರೀತಿಯಿಟ್ಟು ಬೆಂಗಳೂರಿನಿಂದ ಕ್ಯಾರಂ ಬೋರ್ಡು ಕಳಿಸುವ ಹಳೆ ವಿದ್ಯಾರ್ಥಿಗಳೇ, ನಮ್ಮಲ್ಲಿ ಈಗಾಗಲೇ ಮೂರಿವೆ, ಒಂದರ ಮೇಲೆ ಅಕ್ಷರದಾಸೋಹದ ಮೆಣಸು ಒಣಗುತ್ತಿದೆ. ಬೆನ್ನ ಮೇಲೆ ನಿಮ್ಮ ಹೆಸರು ಅಚ್ಚಾದ ಟೀ-ಶರ್ಟೂ ಬೇಡ. ಆಗಸ್ಟ್‌ನಲ್ಲಿ ತಾಲೂಕು ಕ್ರೀಡಾಕೂಟದ ದಿನ ಜೀಪಿನ ಬಾಡಿಗೆ ಕೊಡಿ, ಮಧ್ಯಾಹ್ನ ಹೋಟೆಲಿನಲ್ಲಿ ಮಕ್ಕಳಿಗೆ ಹೊಟ್ಟೆ ತುಂಬ ಊಟ ಹಾಕಿಸಿ. ಕಳಿಸುವುದಾದರೆ ಮುಂದಿನ ವರ್ಷವೂ ಕಳಿಸಿ.